ನಾಲ್ಕು ಹಾಸಿಗೆ, ಒಂದೇ ಬಿಪಿ: ನರ್ಸ್ ರೋಗಿಯನ್ನು ಓದುವ ಬಗೆ

ರಾತ್ರಿ ಎಂಟು ಗಂಟೆ. ನಾಲ್ಕು ಹಾಸಿಗೆಗಳ ನಾಲ್ಕು ಚಾರ್ಟ್‌ಗಳಲ್ಲೂ ಬಿಪಿ ಕಾಲಂನಲ್ಲಿ ಒಂದೇ ಸಂಖ್ಯೆ: 110/80.

ಒಂದನೇ ಹಾಸಿಗೆಯಲ್ಲಿ ಇಪ್ಪತ್ತೆರಡರ ಹುಡುಗಿ. ನಾಳೆ ಬೆಳಿಗ್ಗೆ ಟಾನ್ಸಿಲ್ ಆಪರೇಷನ್. ಮೊಬೈಲ್ ನೋಡುತ್ತ, ಕಾಲು ಕುಣಿಸುತ್ತ ಕೂತಿದ್ದಾಳೆ. ಎರಡನೆಯದರಲ್ಲಿ ಮೂತ್ರದ ಸೋಂಕೆಂದು ನಿನ್ನೆ ಸೇರಿದ ಎಪ್ಪತ್ತೆಂಟರ ತಾತ, ಕಣ್ಣು ಮುಚ್ಚಿ ಮಲಗಿದ್ದಾರೆ. ಮೂರನೆಯದರಲ್ಲಿ ಮಧ್ಯಾಹ್ನವಷ್ಟೇ ಹೊಟ್ಟೆಯ ಆಪರೇಷನ್ ಮುಗಿಸಿಕೊಂಡು ಬಂದ ನಲವತ್ತರ ಗಂಡಸು. ನಾಲ್ಕನೆಯದರಲ್ಲಿ ಎರಡು ಗಂಟೆ ಹಿಂದೆ ಹೆತ್ತ ಬಾಣಂತಿ. (ಇಂಥ ನಾಲ್ವರು ಒಂದೇ ವಾರ್ಡ್‌ನಲ್ಲಿ ಸಿಗುವುದಿಲ್ಲ, ಗೊತ್ತು. ಮಾತಿನ ಅನುಕೂಲಕ್ಕೆ ಪಕ್ಕಪಕ್ಕ ಮಲಗಿಸಿದ್ದೇನೆ.)

ಪುಸ್ತಕದ ಲೆಕ್ಕದಲ್ಲಿ 110/80 ಒಳ್ಳೆಯ ಬಿಪಿ. ಆದರೆ ಈ ನಾಲ್ವರಲ್ಲಿ ಆ ಸಂಖ್ಯೆ ನೋಡಿ ನಿಶ್ಚಿಂತೆಯಿಂದ ಮುಂದೆ ಹೋಗಬಹುದಾದದ್ದು ಒಬ್ಬಳ ಬಳಿಯಿಂದ ಮಾತ್ರ. ಒಬ್ಬರಿಗೆ ಒಳಗೊಳಗೇ ರಕ್ತ ಸೋರುತ್ತಿದೆ. ಇನ್ನೊಬ್ಬರ ದೇಹವೇ ಸೋಂಕಿಗೆ ಕೆರಳಿ ನಿಂತಿದೆ. ಬಾಣಂತಿಯ ವಿಷಯದಲ್ಲಂತೂ ಬಿಪಿ ಏನನ್ನೂ ಹೇಳುತ್ತಲೇ ಇಲ್ಲ. ಬಿಪಿ ನೋಡುವುದನ್ನು ಅರ್ಧ ಗಂಟೆಯಲ್ಲಿ ಯಾರಿಗೆ ಬೇಕಾದರೂ ಕಲಿಸಬಹುದು. ನೋಡಿದ ಮೇಲೆ ಯಾರ ಹಾಸಿಗೆಯ ಬಳಿ ನಿಲ್ಲಬೇಕು ಅನ್ನುವುದನ್ನು ಕಲಿಯಲು ವರ್ಷಗಳು ಬೇಕು.

ನರ್ಸಿಂಗ್‌ನಲ್ಲಿ ಅಸೆಸ್‌ಮೆಂಟ್ ಮತ್ತು ಕ್ಲಿನಿಕಲ್ ಜಡ್ಜ್‌ಮೆಂಟ್ ಎಂಬ ಎರಡು ಮಾತು ಯಾವಾಗಲೂ ಜೋಡಿಯಾಗಿ ಕೇಳಿಬರುತ್ತವೆ. ಮೊದಲನೆಯದು ಕೇಳಿ, ನೋಡಿ, ಮುಟ್ಟಿ, ಅಳೆದು ರೋಗಿಯ ಬಗ್ಗೆ ಮಾಹಿತಿ ಕಲೆಹಾಕುವ ಕೆಲಸ. ಎರಡನೆಯದು ಆ ಮಾಹಿತಿಗೆ ಈ ರೋಗಿಯಲ್ಲಿ, ಈ ಹೊತ್ತಿನಲ್ಲಿ ಏನರ್ಥ, ಈಗ ಏನು ಮಾಡಬೇಕು ಎಂದು ತೀರ್ಮಾನಿಸುವುದು. ಪಾಠದಲ್ಲಿ ಇವು ಒಂದಾದ ಮೇಲೊಂದು ಬರುತ್ತವೆ. ಹಾಸಿಗೆಯ ಪಕ್ಕದಲ್ಲಿ ಹಾಗಲ್ಲ, ಏನನ್ನು ಅಳೆಯಬೇಕು ಅನ್ನುವುದೇ ಒಂದು ತೀರ್ಮಾನ. ಮೂರನೇ ಹಾಸಿಗೆಯವರ ಮೂತ್ರದ ಚೀಲವನ್ನು ಬಗ್ಗಿ ನೋಡು ಎಂದು ಯಾವ ಯಂತ್ರವೂ ಹೇಳಿಕೊಡುವುದಿಲ್ಲ.

ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ಇದನ್ನು ನಾಲ್ಕು ಹೆಜ್ಜೆಗಳಾಗಿ ಬಿಡಿಸಿದರು: ಗಮನಕ್ಕೆ ಬರುವುದು, ಅರ್ಥ ಮಾಡಿಕೊಳ್ಳುವುದು, ಸ್ಪಂದಿಸುವುದು, ಆಮೇಲೆ ಮೆಲುಕು ಹಾಕುವುದು. ಅಲ್ಲಿನ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಕೂಡ 2023ರ ಏಪ್ರಿಲ್‌ನಿಂದ ಬದಲಾಗಿದೆ. ಬಿಡಿ ಪ್ರಶ್ನೆಗಳ ಜೊತೆಗೆ ಗಂಟೆಯಿಂದ ಗಂಟೆಗೆ ಸ್ಥಿತಿ ಬದಲಾಗುವ ಒಬ್ಬ ರೋಗಿಯ ಕಥೆ ಕೊಟ್ಟು, ಯಾವುದು ಮುಖ್ಯ ಸುಳಿವು, ಮೊದಲು ಏನು ಮಾಡುತ್ತೀರಿ, ಮಾಡಿದ್ದು ಫಲಿಸಿತೆಂದು ಹೇಗೆ ಹೇಳುತ್ತೀರಿ ಎಂದು ಕೇಳುತ್ತಾರೆ. ನನ್ನ ಅನುಭವದಲ್ಲಿ ಇದರಲ್ಲೆಲ್ಲ ಕಷ್ಟದ್ದು ಆ ಮೊದಲ ಹೆಜ್ಜೆ. ಏನಾದರೂ ಗಮನಕ್ಕೆ ಬರಬೇಕಾದರೆ, ಇಲ್ಲಿ ಏನಿರಬೇಕಿತ್ತು ಅನ್ನುವ ಅಂದಾಜು ತಲೆಯಲ್ಲಿ ಮೊದಲೇ ಇರಬೇಕು. ಆ ಅಂದಾಜು ಪುಸ್ತಕದ್ದಾದರೆ ಸಾಲದು, ಆ ರೋಗಿಯದೇ ಆಗಿರಬೇಕು.

ಮೂರನೇ ಹಾಸಿಗೆ

ಆಪರೇಷನ್‌ಗೆ ಮುಂಚೆ ಇವರ ಬಿಪಿ 134/80, ನಾಡಿ 78. ಸಂಜೆ ನಾಲ್ಕಕ್ಕೆ 126/82, ನಾಡಿ 88. ಆರಕ್ಕೆ 118/82, ನಾಡಿ 98. ಎಂಟಕ್ಕೆ 110/80, ನಾಡಿ 112.

ಬಿಡಿಬಿಡಿಯಾಗಿ ನೋಡಿದರೆ ಇದರಲ್ಲಿ ಎದೆ ನಡುಗಿಸುವಂಥದ್ದು ಯಾವುದೂ ಇಲ್ಲ. ಸಾಲಾಗಿ ಓದಿ. ಬಿಪಿಯ ಮೇಲಿನ ಸಂಖ್ಯೆ ಇಳಿಯುತ್ತಿದೆ, ಕೆಳಗಿನದು ಇದ್ದಲ್ಲೇ ನಿಂತಿದೆ. ಎರಡರ ನಡುವಿನ ಅಂತರ 54, 44, 36, 30 ಎಂದು ಕಿರಿದಾಗುತ್ತ ಬಂದಿದೆ. ರಕ್ತ ಕಡಿಮೆಯಾದಾಗ ಹೃದಯದ ಒಂದೊಂದು ಬಡಿತಕ್ಕೆ ಹೊರಬೀಳುವ ರಕ್ತವೂ ಕಡಿಮೆಯಾಗುತ್ತದೆ, ಅದಕ್ಕೆ ಮೇಲಿನ ಸಂಖ್ಯೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ದೇಹ ಕೈಕಾಲಿನ, ಚರ್ಮದ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ, ಅದಕ್ಕೆ ಕೆಳಗಿನ ಸಂಖ್ಯೆ ಬೀಳದೆ ನಿಲ್ಲುತ್ತದೆ. ಹೃದಯ ವೇಗ ಹೆಚ್ಚಿಸಿಕೊಂಡು ಕೊರತೆ ತುಂಬಲು ನೋಡುತ್ತದೆ. ಸಾಲ ಮಾಡಿ ಮನೆಯ ಮರ್ಯಾದೆ ಉಳಿಸಿಕೊಂಡ ಹಾಗೆ ಇದು. ಹೊರಗಿನವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಸಾಲ ಹುಟ್ಟುವುದು ನಿಂತ ದಿನ ಎಲ್ಲ ಒಟ್ಟಿಗೆ ಕುಸಿಯುತ್ತದೆ.

70 ಕೆಜಿಯ ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಅದರಲ್ಲಿ ಶೇ 15ರವರೆಗೆ, ಅಂದರೆ ಸುಮಾರು 750 ಮಿಲಿ ಹೋದರೂ ಅಳತೆಗಳಲ್ಲಿ ಹೆಚ್ಚೇನೂ ಕಾಣದಿರಬಹುದು. ಶೇ 15ರಿಂದ 30ರ ನಡುವೆ ನಾಡಿ ನೂರು ದಾಟುತ್ತದೆ, ಬಿಪಿಯ ಅಂತರ ಕಿರಿದಾಗುತ್ತದೆ, ರೋಗಿ ಚಡಪಡಿಸತೊಡಗುತ್ತಾನೆ. ಬಿಪಿ ನಿಜವಾಗಿ ಕುಸಿಯುವುದು ಸಾಮಾನ್ಯವಾಗಿ ಶೇ 30 ದಾಟಿದ ಮೇಲೆ. ಬಿಪಿ ಬೀಳಲಿ, ಆಮೇಲೆ ಡಾಕ್ಟರನ್ನು ಕರೆಯೋಣ ಎಂದು ಕೂರುವವರು ಒಂದೂವರೆ ಲೀಟರ್ ರಕ್ತ ಹೋಗಲಿ ಎಂದು ಕಾಯುತ್ತಿರುತ್ತಾರೆ.

ಇನ್ನೂ ಎರಡು ಕಡೆ ಕಣ್ಣು ಹಾಯಿಸಬೇಕು. ಮೊದಲನೆಯದು ಮೂತ್ರದ ಚೀಲ. ಮೂತ್ರಪಿಂಡಕ್ಕೆ ರಕ್ತ ಸಾಲದಾದಾಗ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ತೂಕದ ಪ್ರತಿ ಕೆಜಿಗೆ ಗಂಟೆಗೆ ಕನಿಷ್ಠ 0.5 ಮಿಲಿ ಮೂತ್ರ ಬರಬೇಕು ಅನ್ನುವುದು ವಾರ್ಡ್‌ನ ಲೆಕ್ಕ, ಅಂದರೆ ಇವರಿಗೆ 35 ಮಿಲಿ. ಚೀಲದಲ್ಲಿ ಕಳೆದ ಗಂಟೆ ಇಳಿದದ್ದು 15. ಎರಡನೆಯದು ಹೊಟ್ಟೆಯಿಂದ ಬಂದಿರುವ ಡ್ರೈನ್, ಒಳಗೆ ಸೇರಿದ ದ್ರವವನ್ನು ಹೊರಗೆ ಹರಿಸುವ ಕೊಳವೆ. ಅದರಲ್ಲಿ ಬರೀ 40 ಮಿಲಿ ಕೆಂಪು ನೀರಿದೆ. ಹೊಸಬರು ಮೋಸ ಹೋಗುವುದು ಇಲ್ಲೇ. ಡ್ರೈನ್‌ನಲ್ಲಿ ರಕ್ತ ಬಂದಿದ್ದರೆ ಸೋರುತ್ತಿದೆ ಎನ್ನಬಹುದು. ಬಂದಿಲ್ಲ ಅಂದ ಮಾತ್ರಕ್ಕೆ ಸೋರುತ್ತಿಲ್ಲ ಎನ್ನುವಂತಿಲ್ಲ. ಕೊಳವೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ರಕ್ತ ಹೊಟ್ಟೆಯ ಇನ್ನೊಂದು ಮೂಲೆಯಲ್ಲಿ ನಿಂತಿರಬಹುದು.

ಹೀಗೆ ಚೂರುಚೂರಾಗಿ ಸಿಗುವ ಸುಳಿವುಗಳನ್ನು ಒಟ್ಟು ಮಾಡಲು ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ನ್ಯೂಸ್ ಎಂಬ ಅಂಕಪಟ್ಟಿ ತಂದಿತು, 2017ರಲ್ಲಿ ಪರಿಷ್ಕರಿಸಿ ನ್ಯೂಸ್-2 ಮಾಡಿತು. ಉಸಿರಾಟ, ಆಮ್ಲಜನಕದ ಮಟ್ಟ, ಆಮ್ಲಜನಕ ಕೊಡುತ್ತಿದ್ದೇವೆಯೋ ಇಲ್ಲವೋ, ಬಿಪಿಯ ಮೇಲಿನ ಸಂಖ್ಯೆ, ನಾಡಿ, ಪ್ರಜ್ಞೆ, ಜ್ವರ ಇವಕ್ಕೆ ಒಂದೊಂದಾಗಿ ಅಂಕ. ಒಟ್ಟು 5 ಆದರೆ ತುರ್ತಾಗಿ ನೋಡಬೇಕು, 7 ಆದರೆ ಅಪಾಯದ ಕರೆ. ನಮ್ಮ ಮೂರನೇ ಹಾಸಿಗೆಯವರಿಗೆ ಸಂಜೆ ಆರಕ್ಕೆ ಉಸಿರು ನಿಮಿಷಕ್ಕೆ 20, ಉಳಿದದ್ದೆಲ್ಲ ಸರಿ, ನಾಡಿ 98 ಇದ್ದದ್ದಕ್ಕೆ ಒಂದು ಅಂಕ. ಒಟ್ಟು 1. ಎಂಟಕ್ಕೆ ಉಸಿರು 24, ಅದಕ್ಕೆ 2. ನಾಡಿ 112, ಅದಕ್ಕೆ 2. ಬಿಪಿ 110, ಅದಕ್ಕೆ 1. ಒಟ್ಟು 5. ಎರಡು ಗಂಟೆಯಲ್ಲಿ ಒಂದರಿಂದ ಐದು.

ಚಾರ್ಟ್ ಕೈಯಲ್ಲಿಲ್ಲದಾಗ ನಾನು ಇನ್ನೂ ಸರಳ ಲೆಕ್ಕವೊಂದನ್ನು ಮಾಡುತ್ತೇನೆ: ನಾಡಿಯನ್ನು ಬಿಪಿಯ ಮೇಲಿನ ಸಂಖ್ಯೆಯಿಂದ ಭಾಗಿಸುವುದು. ಇದಕ್ಕೆ ಶಾಕ್ ಇಂಡೆಕ್ಸ್ ಎನ್ನುತ್ತಾರೆ (ಶಾಕ್ ಅಂದರೆ ಇಲ್ಲಿ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ), 1967ರಿಂದಲೂ ಬಳಕೆಯಲ್ಲಿದೆ. ಆರೋಗ್ಯವಂತ ವಯಸ್ಕರಲ್ಲಿ ಅದು 0.5ರಿಂದ 0.7ರ ಒಳಗೆ ಇರುತ್ತದೆ. ಒಂದನೇ ಹಾಸಿಗೆಯ ಹುಡುಗಿಯ ನಾಡಿ 72, ಭಾಗಿಸಿದರೆ 0.65. ಇವರದು ಒಂದನ್ನು ದಾಟಿದೆ. ನಾಡಿ ಬಿಪಿಗಿಂತ ಮೇಲೆ ಹೋಯಿತು ಅಂದರೆ ಕೂತು ಯೋಚಿಸುವ ಹೊತ್ತು ಮುಗಿಯಿತು.

ಈಗ ಫೋನ್. ಇಲ್ಲೇ ಎಷ್ಟೋ ಒಳ್ಳೆಯ ತೀರ್ಮಾನಗಳು ಸಾಯುತ್ತವೆ.

“ಸರ್, ಮೂರನೇ ಬೆಡ್ ಪೇಷೆಂಟ್ ಯಾಕೋ ಸ್ವಲ್ಪ ಒದ್ದಾಡ್ತಿದಾರೆ. ಬಿಪಿ 110/80 ಇದೆ.”

“ಬಿಪಿ ಚೆನ್ನಾಗೇ ಇದೆಯಲ್ಲ ಸಿಸ್ಟರ್. ನೋವಿಗೆ ಒಂದು ಇಂಜೆಕ್ಷನ್ ಕೊಡಿ, ಆಮೇಲೆ ಬಂದು ನೋಡ್ತೀನಿ.”

ಡಾಕ್ಟರದ್ದು ತಪ್ಪಿಲ್ಲ. ಅವರಿಗೆ ಹೇಳಿದ್ದೇ ಅಷ್ಟು. ಅದನ್ನೇ ಹೀಗೂ ಹೇಳಬಹುದು:

“ಸರ್, ಮೂರನೇ ಬೆಡ್‌ನವರಿಗೆ ಒಳಗೆ ಬ್ಲೀಡ್ ಆಗ್ತಿದೆ ಅಂತ ನನ್ನ ಅನುಮಾನ. ಮಧ್ಯಾಹ್ನ ಹೊಟ್ಟೆ ಆಪರೇಷನ್ ಆದವರು. ನಾಲ್ಕು ಗಂಟೆಯಿಂದ ಪಲ್ಸ್ 88ರಿಂದ 112ಕ್ಕೆ ಏರಿದೆ, ಬಿಪಿ 126ರಿಂದ 110ಕ್ಕೆ ಇಳಿದಿದೆ, ಉಸಿರು 24, ಕಳೆದ ಗಂಟೆ ಯೂರಿನ್ 15 ಎಂಎಲ್, ಕೈಕಾಲು ತಣ್ಣಗಿವೆ. ನೀವು ಈಗಲೇ ಬರಬೇಕು. ಬರೋದ್ರೊಳಗೆ ಇನ್ನೊಂದು ಲೈನ್ ಹಾಕಿ, ಹಿಮೋಗ್ಲೋಬಿನ್‌ಗೂ ಕ್ರಾಸ್‌ಮ್ಯಾಚ್‌ಗೂ ಬ್ಲಡ್ ತೆಗೆದಿಡ್ಲಾ?”

ಏನಾಗುತ್ತಿದೆ, ಹಿನ್ನೆಲೆ ಏನು, ನನಗೇನು ಅನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ಈ ಕ್ರಮಕ್ಕೆ ಎಸ್‌ಬಾರ್ ಎನ್ನುತ್ತಾರೆ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಮೇಲೆ ಆಸ್ಪತ್ರೆಗೆ ಬಂದ ಪದ್ಧತಿ. ಇದರಲ್ಲಿ ಹೊಸಬರ ನಾಲಿಗೆ ತಡವರಿಸುವುದು ಮೂರನೆಯ ಭಾಗದಲ್ಲಿ. ‘ಬ್ಲೀಡ್ ಆಗ್ತಿದೆ ಅಂತ ನನ್ನ ಅನುಮಾನ’ ಎನ್ನಲು ಅಂಜಿಕೆ. ರೋಗ ಹೆಸರಿಸುವುದು ನಮ್ಮ ಕೆಲಸವಲ್ಲ ಎಂದು ಕಲಿತು ಬಂದಿರುತ್ತಾರೆ. ಆದರೆ ಅನುಮಾನ ಹೇಳುವುದು ರೋಗ ತೀರ್ಮಾನಿಸಿದಂತಲ್ಲ, ಕೇಳಿಸಿಕೊಳ್ಳುವವರಿಗೆ ಎಷ್ಟು ವೇಗವಾಗಿ ನಡೆಯಬೇಕೆಂದು ತಿಳಿಸುವುದು ಅಷ್ಟೇ.

ಉಸಿರು ಎಣಿಸಿದ್ದೀರಾ?

ಮೇಲಿನ ಲೆಕ್ಕದಲ್ಲಿ ಒಂದು ವಿಷಯ ಗಮನಿಸಿ. ಉಸಿರು 24 ಎಂದು ಬರೆಯುವ ಬದಲು ಸುಮ್ಮನೆ 20 ಎಂದು ಗೀಚಿದ್ದರೆ ಐದು ಅಂಕ ಮೂರಾಗುತ್ತಿತ್ತು, ತುರ್ತು ಕರೆಯ ಗೆರೆಯ ಕೆಳಗೇ ಉಳಿಯುತ್ತಿತ್ತು. ಸುಮ್ಮನೆ 20 ಎಂದು ಗೀಚುವವರು ಇದ್ದಾರೆಯೇ ಎಂದು ಕೇಳಬೇಡಿ. ಯಾವುದೇ ವಾರ್ಡ್‌ನ ಹಳೆಯ ಚಾರ್ಟ್ ತೆಗೆದು ನೋಡಿ, ಇಡೀ ಪುಟ 18, 20, 18, 20. ವಿದ್ಯಾರ್ಥಿಯಾಗಿದ್ದಾಗ ನಾನೂ ಬರೆದಿದ್ದೇನೆ. ಒಮ್ಮೆ ಮೇಲ್ವಿಚಾರಕಿ ನನ್ನ ಚಾರ್ಟ್ ಹಿಡಿದು ನೇರವಾಗಿ ರೋಗಿಯ ಬಳಿ ಹೋಗಿ ನಿಂತರು. ನಾನು ಬರೆದದ್ದು 18. ಅವರು ಗಡಿಯಾರ ನೋಡುತ್ತ ಎಣಿಸಿ, ಏನೂ ಮಾತಾಡದೆ ನನ್ನ 18ರ ಪಕ್ಕ 30 ಎಂದು ಬರೆದು ಚಾರ್ಟ್ ಕೈಗಿತ್ತರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಬಿಪಿ, ನಾಡಿ, ಜ್ವರ, ಆಮ್ಲಜನಕ ಎಲ್ಲಕ್ಕೂ ಯಂತ್ರವಿದೆ. ಸಾಮಾನ್ಯ ವಾರ್ಡ್‌ನಲ್ಲಿ ಉಸಿರಿಗೆ ಮಾತ್ರ ಮನುಷ್ಯನ ಕಣ್ಣೇ ಗತಿ, ಪೂರ್ತಿ ಒಂದು ನಿಮಿಷ ನಿಲ್ಲಬೇಕು. ಮೈ ಹದಗೆಡುವಾಗ ಮೊದಲು ಬದಲಾಗುವ ಅಳತೆಗಳಲ್ಲಿ ಉಸಿರೂ ಒಂದು, ಅತಿ ಹೆಚ್ಚು ಉದಾಸೀನಕ್ಕೆ ಒಳಗಾಗುವುದೂ ಅದೇ. ಎಣಿಸುವುದಕ್ಕೆ ಒಂದು ಹಳೆಯ ಉಪಾಯವಿದೆ. ರೋಗಿಯ ಮಣಿಕಟ್ಟು ಹಿಡಿದು ನಾಡಿ ನೋಡುವಂತೆ ನಿಂತು ಎದೆಯತ್ತ ಕಣ್ಣಿಡುವುದು. ‘ಉಸಿರು ಎಣಿಸ್ತೀನಿ’ ಎಂದರೆ ಯಾರ ಉಸಿರೂ ಸಹಜವಾಗಿ ಉಳಿಯುವುದಿಲ್ಲ.

ಆಮ್ಲಜನಕದ ಮಟ್ಟ 98 ಇದೆಯಲ್ಲ, ಉಸಿರು ಯಾಕೆ ಎಣಿಸಬೇಕು ಎಂದು ಕೇಳುವವರಿದ್ದಾರೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹೇಳುವುದು ರಕ್ತದ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂದಷ್ಟೇ. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ, ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಿದೆಯೇ ಎಂಬುದೂ ಗೊತ್ತಿಲ್ಲ. ಮಾರ್ಫಿನ್‌ನಂಥ ಔಷಧ ಪಡೆದು ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದವರ ಬೆರಳಿನಲ್ಲಿ 98 ತೋರಿಸುತ್ತಿರಬಹುದು, ಉಸಿರು ನಿಮಿಷಕ್ಕೆ 8ಕ್ಕೆ ಇಳಿದಿರಬಹುದು. ಇಂಥವರಲ್ಲಿ ಉಸಿರು ಇಳಿಯುವ ಮೊದಲು ಮಂಪರು ಹೆಚ್ಚುತ್ತದೆ. ಮಾತಾಡುತ್ತ ಆಡುತ್ತ ಮಧ್ಯದಲ್ಲೇ ಕಣ್ಣು ಮುಚ್ಚುವವರನ್ನು ‘ಪಾಪ, ಈಗ ನಿದ್ದೆ ಬಂತು’ ಎಂದು ದೀಪ ಆರಿಸಿ ಹೋಗಬಾರದು. ಎಬ್ಬಿಸಿ ಮಾತಾಡಿಸಬೇಕು, ಮಾರ್ಫಿನ್‌ನ ಪರಿಣಾಮ ಅಳಿಸುವ ನಲೊಕ್ಸೋನ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಬೇಕು.

ಇದರ ಇನ್ನೊಂದು ಮುಖ ಅಸ್ತಮಾ. ನಿಮಿಷಕ್ಕೆ 36 ಬಾರಿ ಏದುಸಿರು ಬಿಡುತ್ತಿದ್ದವರ ಉಸಿರು ಅರ್ಧ ಗಂಟೆಯಲ್ಲಿ 20ಕ್ಕೆ ಬಂತು, ಎದೆಯ ಸಿಳ್ಳೆ ಸದ್ದೂ ನಿಂತಿತು. ಗುಣವಾಯಿತೇ? ಆಗಿರಬಹುದು. ಪೂರ್ತಿ ವಾಕ್ಯ ಮಾತಾಡುತ್ತಿದ್ದರೆ, ಮುಖ ಗೆಲುವಾಗಿದ್ದರೆ ಔಷಧ ಕೆಲಸ ಮಾಡಿದೆ. ಒಂದೊಂದೇ ಪದ ಹೇಳಿ ನಿಲ್ಲುತ್ತಿದ್ದರೆ, ತೂಕಡಿಸುತ್ತಿದ್ದರೆ, ಸ್ಟೆತಸ್ಕೋಪಿನಲ್ಲಿ ಗಾಳಿಯ ಸದ್ದೇ ಕೇಳದಿದ್ದರೆ ಸ್ನಾಯುಗಳು ಸೋತಿವೆ. ಸಿಳ್ಳೆ ಹಾಕುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ. ಚಾರ್ಟ್‌ನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ.

ತಂಟೆಯಿಲ್ಲದ ತಾತ

ಎರಡನೇ ಹಾಸಿಗೆಯ ತಾತನ ಬಗ್ಗೆ ಹಗಲಿನ ಡ್ಯೂಟಿಯವರು ಹ್ಯಾಂಡೋವರ್‌ನಲ್ಲಿ ಹೇಳಿದ್ದು ಒಂದೇ ಮಾತು: ‘ಏನೂ ತಂಟೆ ಇಲ್ಲ, ಇಡೀ ದಿನ ಮಲಗಿದ್ರು.’ ಜ್ವರ 36.4 ಡಿಗ್ರಿ, ನಾಡಿ 84, ಆಮ್ಲಜನಕ 96, ಉಸಿರು 22. ಪಕ್ಕದಲ್ಲಿ ಕೂತ ಮಗಳು ಮಾತ್ರ ಹೇಳುತ್ತಾಳೆ: “ಸಿಸ್ಟರ್, ಅಪ್ಪ ಇವತ್ತು ಯಾಕೋ ನಮ್ಮಪ್ಪನ ಥರಾನೇ ಇಲ್ಲ. ನಿನ್ನೆ ಪೇಪರ್ ಕೇಳಿ ಇಸ್ಕೊಂಡು ಓದಿದ್ರು.”

ವಾರ್ಡ್‌ನಲ್ಲಿ ಇದಕ್ಕಿಂತ ಬೆಲೆಬಾಳುವ ಮಾಹಿತಿ ಸಿಗುವುದು ಅಪರೂಪ. ತಾತನ ನಿನ್ನೆಯನ್ನು ಕಂಡವಳು ಅವಳು. ತಾತನನ್ನು ಎಬ್ಬಿಸಿ ಮಾತಾಡಿಸಬೇಕು. “ತಾತ, ಈಗ ಎಲ್ಲಿದೀರಿ ಹೇಳಿ?” “ಮನೇಲಿ.” “ಡಿಸೆಂಬರ್‌ನಿಂದ ತಿಂಗಳುಗಳನ್ನ ಹಿಂದಕ್ಕೆ ಹೇಳ್ತೀರಾ?” ಡಿಸೆಂಬರ್, ನವೆಂಬರ್ ಎನ್ನುವಷ್ಟರಲ್ಲಿ ದಾರಿ ತಪ್ಪಿ ಮತ್ತೆ ಕಣ್ಣು ಮುಚ್ಚುತ್ತಾರೆ. ನಿನ್ನೆ ಪೇಪರ್ ಓದಿದವರು ಇವತ್ತು ಹೀಗಾದರೆ ಅದು ಮರೆವಿನ ಕಾಯಿಲೆಯಲ್ಲ, ಡೆಲಿರಿಯಂ, ಅಂದರೆ ಮೈಯ ಕಾಯಿಲೆಯಿಂದ ತಲೆಗೆ ಕವಿಯುವ ಗೊಂದಲ. ಮರೆಗುಳಿತನ ತಿಂಗಳು, ವರ್ಷಗಳಲ್ಲಿ ಬರುತ್ತದೆ. ಇದು ಗಂಟೆಗಳಲ್ಲಿ ಬರುತ್ತದೆ. ಕೂಗಾಡಿ ಕೊಳವೆ ಕಿತ್ತುಕೊಳ್ಳುವವರ ಡೆಲಿರಿಯಂ ಎಲ್ಲರಿಗೂ ಕಾಣುತ್ತದೆ. ಹೀಗೆ ಮೌನವಾಗಿ ಮಲಗುವವರದ್ದು ‘ತಂಟೆಯಿಲ್ಲ’ ಎಂಬ ಮೆಚ್ಚುಗೆ ಗಿಟ್ಟಿಸಿಕೊಂಡು ಕಣ್ತಪ್ಪಿ ಹೋಗುತ್ತದೆ.

ಅಂಕಪಟ್ಟಿಗೆ ಬನ್ನಿ. ಪ್ರಜ್ಞೆಯ ಕಾಲಂನಲ್ಲಿ ‘ಎಚ್ಚರವಿದ್ದಾರೆ’ ಎಂದು ಟಿಕ್ ಹಾಕಿದರೆ ತಾತನ ನ್ಯೂಸ್-2 ಅಂಕ 3. ಉಸಿರಿಗೆ ಎರಡು, ಬಿಪಿಗೆ ಒಂದು. ‘ಹೊಸದಾಗಿ ಗೊಂದಲ’ ಎಂದು ಗುರುತಿಸಿದರೆ ಅದೊಂದಕ್ಕೇ 3, ಒಟ್ಟು 6. ಒಂದು ಪ್ರಶ್ನೆ ಕೇಳಿದ್ದಕ್ಕೂ ಕೇಳದ್ದಕ್ಕೂ ಇರುವ ವ್ಯತ್ಯಾಸ ಅದು.

ಆದರೆ ಜ್ವರವೇ ಇಲ್ಲವಲ್ಲ? ವಯಸ್ಸಾದವರಲ್ಲಿ ತೀವ್ರ ಸೋಂಕಿದ್ದೂ ಮೈ ಬಿಸಿಯಾಗದಿರುವುದು ಸಾಮಾನ್ಯ. ನಾಡಿ 84 ಮಾತ್ರ ಇದೆಯಲ್ಲ? ಅವರು ನುಂಗುವ ಮಾತ್ರೆಗಳ ಪಟ್ಟಿ ನೋಡಿ, ಅದರಲ್ಲಿ ಮೆಟೊಪ್ರೊಲಾಲ್ ಇದೆ, ಹೃದಯದ ಬಡಿತವನ್ನು ಏರಲು ಬಿಡದ ಮಾತ್ರೆ. ಬಿಪಿ 110? ಮಾತ್ರೆ ನುಂಗಿಯೂ ಇವರ ಬಿಪಿ 160ರ ಆಸುಪಾಸಿನಲ್ಲಿ ಇರುತ್ತಿತ್ತೆಂದು ಹಳೆಯ ಚೀಟಿ ಹೇಳುತ್ತದೆ. ಅಂದರೆ 50 ಇಳಿದಿದೆ. ಅಂಕಪಟ್ಟಿಯ ಮಿತಿ ಇಲ್ಲಿ ಬಯಲಾಗುತ್ತದೆ. ಒಂದನೇ ಹಾಸಿಗೆಯ ಹುಡುಗಿಗೂ ಈ ತಾತನಿಗೂ 110ಕ್ಕೆ ಅದು ಕೊಡುವುದು ಒಂದೊಂದೇ ಅಂಕ. ಅವಳು ಹುಟ್ಟಿನಿಂದ ಹಾಗೇ, ಇವರು ರಾತ್ರೋರಾತ್ರಿ ಅಲ್ಲಿಗೆ ಜಾರಿದವರು. ಸೋಂಕಿಗೆ ದೇಹ ಕೆರಳಿ ಅಂಗಾಂಗಗಳೇ ಸೋಲತೊಡಗುವ ಸೆಪ್ಸಿಸ್ ಇದು. ಶಾಕ್‌ಗೆ ಜಾರುವ ಸೂಚನೆಯಿದ್ದರೆ ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ ರಕ್ತಕ್ಕೆ ಹೋಗಬೇಕು.

ಇದೇ ಮಾತು ತಿರುಗುಮುರುಗಾಗಿಯೂ ನಿಜ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಕೆಲವರಿಗೆ ಆಮ್ಲಜನಕದ ಗುರಿಯೇ 88ರಿಂದ 92. ಅಂಥವರ 90 ಕಂಡು ಗಾಬರಿಯಾಗಿ ಆಮ್ಲಜನಕ ಜೋರಾಗಿ ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರಿಗೆ ಜಾರಿಯಾರು. ಪಕ್ಕದ ಹಾಸಿಗೆಯಲ್ಲಿ ನ್ಯುಮೋನಿಯಾ ಆದ ಯುವಕನಿಗೆ ಅದೇ 90 ಅಪಾಯದ ಗಂಟೆ.

ಬಾಣಂತಿಯ ಹೊಟ್ಟೆಯ ಮೇಲೆ ಕೈ

ನಾಲ್ಕನೇ ಹಾಸಿಗೆಯಲ್ಲಿ ಬಿಪಿ ಯಂತ್ರವನ್ನು ಪಕ್ಕಕ್ಕಿಡಿ. ಗರ್ಭಿಣಿಯ ಮೈಯಲ್ಲಿ ದಿನ ತುಂಬುವ ಹೊತ್ತಿಗೆ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಹೆಚ್ಚಿರುತ್ತದೆ. ಹೆರಿಗೆಯಲ್ಲಿ ಹೋಗುವ ರಕ್ತಕ್ಕೆ ಪ್ರಕೃತಿ ಮಾಡಿಟ್ಟ ಮುಂಗಡ ಅದು. ಆ ಮುಂಗಡ ಇರುವುದರಿಂದಲೇ ಒಂದು ಲೀಟರ್ ಹೋದ ಮೇಲೂ ಬಿಪಿ ಅಲುಗದೆ ಇರಬಹುದು. ಗರ್ಭಕೋಶಕ್ಕೆ ಆಗ ನಿಮಿಷಕ್ಕೆ ಅರ್ಧ ಲೀಟರ್‌ಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿಟ್ಟ ಜಾಗದ ನಾಳಗಳನ್ನು ಹಿಂಡಿ ಮುಚ್ಚುವುದು ಗರ್ಭಕೋಶದ ಸ್ನಾಯುಗಳೇ. ಅವು ಬಿಗಿಯದೆ ಸಡಿಲವಾಗಿ ಉಳಿಯುವುದೇ ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಮೊದಲ ಕಾರಣ.

ಆದ್ದರಿಂದ ಇಲ್ಲಿ ಮುಖ್ಯ ಅಸೆಸ್‌ಮೆಂಟ್ ಕೈಯದು. ಹೊಕ್ಕುಳಿನ ಸುತ್ತ ಅಂಗೈ ಒತ್ತಿದರೆ ಗರ್ಭಕೋಶ ಬಿಗಿದ ಮುಷ್ಟಿಯಂತೆ ಗಟ್ಟಿಯಾಗಿ, ನಡುವಿನಲ್ಲಿ ಸಿಗಬೇಕು. ಕಲಸಿಟ್ಟ ಹಿಟ್ಟಿನಂತೆ ಮೆತ್ತಗಿದ್ದರೆ ಅಲ್ಲೇ ಉಜ್ಜಲು ಶುರು, ಬಾಯಲ್ಲಿ ಸಹಾಯಕ್ಕೆ ಕೂಗು. ಹೊಕ್ಕುಳಿಗಿಂತ ಮೇಲೆ, ಬಲಕ್ಕೆ ಸರಿದು ಸಿಕ್ಕರೆ ಮೂತ್ರಕೋಶ ತುಂಬಿ ಅದನ್ನು ತಳ್ಳಿದೆ. ಮೊದಲು ಮೂತ್ರ ಖಾಲಿ ಮಾಡಿಸಿದರೆ ಗರ್ಭಕೋಶ ತಾನೇ ಬಿಗಿಯುವುದುಂಟು. ಕಲ್ಲಿನಂತೆ ಗಟ್ಟಿಯಿದ್ದೂ ರಕ್ತ ನಿಲ್ಲದಿದ್ದರೆ ಎಲ್ಲೋ ಹರಿದಿದೆ. ಉಜ್ಜಿ ಪ್ರಯೋಜನವಿಲ್ಲ, ಹೊಲಿಗೆ ಹಾಕುವವರು ಬೇಕು.

ಆಮೇಲೆ ಅವಳನ್ನು ಒಂದು ಮಗ್ಗುಲಿಗೆ ಹೊರಳಿಸಿ ಬೆನ್ನ ಕೆಳಗೆ ನೋಡಬೇಕು. ಮೇಲಿನ ಪ್ಯಾಡ್ ಒಣಗಿದಂತಿದ್ದು ಅಡಿಯಲ್ಲಿ ರಕ್ತ ಮಡುಗಟ್ಟಿರುವುದನ್ನು ಕಂಡವರು ಇದನ್ನು ಯಾವತ್ತೂ ಮರೆಯುವುದಿಲ್ಲ. ಕಣ್ಣಂದಾಜು ಕಡಿಮೆಯೇ ಹೇಳುತ್ತದೆ. ನೆನೆದ ಪ್ಯಾಡ್ ತೂಗಿ ಒಣ ಪ್ಯಾಡಿನ ತೂಕ ಕಳೆಯಿರಿ, ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿ.

ಮಕ್ಕಳ ವಿಷಯಕ್ಕೆ ಬೇರೆಯೇ ಲೇಖನ ಬೇಕು, ಇಲ್ಲಿ ಎರಡೇ ಮಾತು. ಅಮ್ಮನ ತೊಡೆ ಬಿಡಿಸುವ ಮೊದಲೇ ಅರ್ಧ ಪರೀಕ್ಷೆ ಮುಗಿಸಿರಬೇಕು: ಬಣ್ಣ ಹೇಗಿದೆ, ಪಕ್ಕೆಲುಬಿನ ಸಂದು ಒಳಕ್ಕೆ ಸೆಳೆಯುತ್ತಿದೆಯೇ, ಕಣ್ಣು ನಮ್ಮನ್ನು ಹಿಂಬಾಲಿಸುತ್ತಿದೆಯೇ. ಮುಟ್ಟಿದ ಮೇಲೆ ಸಿಗುವುದು ಅಳು ಮಾತ್ರ. ಮತ್ತೊಂದು, ಮಗುವಿನ ಬಿಪಿ ಕೊನೆಯವರೆಗೂ ನಿಂತು ಒಮ್ಮೆಲೇ ಬೀಳುತ್ತದೆ, ಉಸಿರಿಗೆ ಒದ್ದಾಡುತ್ತಿದ್ದ ಮಗುವಿನ ನಾಡಿ ನಿಧಾನವಾದರೆ ಅದು ಚೇತರಿಕೆಯಲ್ಲ. ಮೈಗೆ ಆಮ್ಲಜನಕ ಸಾಲುತ್ತಿಲ್ಲ ಎಂದರ್ಥ.

‘ಯಾಕೋ ಸರಿಯಿಲ್ಲ’

ಹಳಬರು ಬಾಗಿಲಲ್ಲೇ ನಿಂತು ‘ಇವರ್ಯಾಕೋ ಸರಿಯಿಲ್ಲ’ ಎನ್ನುತ್ತಾರೆ, ಕಾರಣ ಕೇಳಿದರೆ ತಡವರಿಸುತ್ತಾರೆ. ಇದನ್ನು ಮಂತ್ರವೆಂದು ಪೂಜಿಸುವವರೂ ಇದ್ದಾರೆ, ಭ್ರಮೆಯೆಂದು ತಳ್ಳಿಹಾಕುವವರೂ ಇದ್ದಾರೆ. ಅಮೆರಿಕದ ಇನ್ನೊಬ್ಬ ನರ್ಸಿಂಗ್ ಪ್ರಾಧ್ಯಾಪಕಿ ಪ್ಯಾಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಐದು ಹಂತಗಳಲ್ಲಿ ವಿವರಿಸಿದಾಗ ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ಪಳಗಿದವರು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುತ್ತಾರೆ ಎಂದಿದ್ದರು. ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆಯಲ್ಲಿ 1990ರಲ್ಲಿ ಶುರುವಾದ ತುರ್ತು ವೈದ್ಯಕೀಯ ತಂಡದ ಮಾದರಿ ಹಲವು ಕಡೆ ಹರಡಿತು. ಇಂಥ ತಂಡವನ್ನು ಕರೆಯಲು ಇರುವ ಕಾರಣಗಳ ಪಟ್ಟಿಯಲ್ಲಿ ಬಿಪಿ, ನಾಡಿಗಳ ಜೊತೆಗೆ ‘ಸಿಬ್ಬಂದಿಗೆ ಆತಂಕವಾಗಿದೆ’ ಅನ್ನುವುದೂ ಒಂದು. ಸಂಖ್ಯೆ ಬೇಕಿಲ್ಲ, ಆತಂಕ ಸಾಕು.

ಆದರೆ ಅದೇ ಪಳಗಿದ ಕಣ್ಣು ಮೋಸವನ್ನೂ ಮಾಡುತ್ತದೆ. ‘ಇವರು ಸ್ವಲ್ಪ ನೋವಿಗೂ ಕೂಗ್ತಾರೆ’ ಎಂಬ ಹ್ಯಾಂಡೋವರ್ ಮಾತು ಕಿವಿಗೆ ಬಿದ್ದ ಮೇಲೆ ಆ ರೋಗಿಯ ಕೂಗು ಅರ್ಧ ಮಾತ್ರ ಕೇಳುತ್ತದೆ. ಕುಡಿದವನೆಂದು ಮೂಲೆಗೆ ಮಲಗಿಸಿದವನ ತೊದಲು ಮಾತಿಗೆ ಕಾರಣ ರಕ್ತದ ಸಕ್ಕರೆ 40ಕ್ಕೆ ಇಳಿದದ್ದೂ ಆಗಿರಬಹುದು. ಬೆರಳಿಗೆ ಸೂಜಿ ಚುಚ್ಚಿ ನೋಡಲು ಒಂದು ನಿಮಿಷವೂ ಬೇಡ. ನನ್ನ ಅನಿಸಿಕೆಯನ್ನು ನಾನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾನಂದುಕೊಂಡದ್ದು ತಪ್ಪಾಗಿದ್ದರೆ ಇನ್ನೇನು ಕಾಣಬೇಕಿತ್ತು, ಅದನ್ನು ಹುಡುಕಿದ್ದೇನೆಯೇ?

ಹಾಗಾದರೆ ಎಂಟು ಗಂಟೆಗೆ ಮೊದಲು ಯಾರ ಬಳಿ? ವಿದ್ಯಾರ್ಥಿಗಳು ಒಂದು ಹಾಸಿಗೆ ಆರಿಸಿ ಸುಮ್ಮನಾಗುತ್ತಾರೆ. ನಾನಾದರೆ ಫೋನ್ ಹಿಡಿದು ಮೂರನೆಯವರ ಬಳಿ ನಿಂತುಕೊಂಡೇ ಜೊತೆಯವಳಿಗೆ ‘ನಾಲ್ಕನೆಯವಳ ಹೊಟ್ಟೆ ಮುಟ್ಟಿ ನೋಡು, ಹೊರಳಿಸಿ ನೋಡು’ ಎನ್ನುತ್ತೇನೆ, ಅದಕ್ಕೆ ಅರ್ಧ ನಿಮಿಷ ಸಾಕು. ಅದೇ ಫೋನ್‌ನಲ್ಲಿ ತಾತನ ವಿಷಯವನ್ನೂ ಹೇಳಿಬಿಡುತ್ತೇನೆ. ಜೊತೆಯವಳೇ ಇಲ್ಲದಿದ್ದರೆ? ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಒಬ್ಬ ನರ್ಸ್ ಪಾಲಿಗೆ ಒಬ್ಬ ರೋಗಿ ಹೆಚ್ಚಿದಂತೆಲ್ಲ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ 7ರಷ್ಟು ಹೆಚ್ಚು. ಎಷ್ಟೇ ಚುರುಕು ಬುದ್ಧಿಯಿರಲಿ, ಹತ್ತು ಹಾಸಿಗೆಗಳಲ್ಲಿ ಪೂರ್ತಿ ಒಂದೊಂದು ನಿಮಿಷ ಉಸಿರು ಎಣಿಸಲು ಹತ್ತು ನಿಮಿಷವೇ ಬೇಕು.

ಗಲಾಟೆಯೆಲ್ಲ ಮುಗಿದು ಮೂರನೆಯವರು ಮತ್ತೆ ಆಪರೇಷನ್ ಥಿಯೇಟರ್‌ಗೆ ಹೋಗಿ, ತಾತನಿಗೆ ಔಷಧ ಏರಿ, ಬಾಣಂತಿ ಮೂತ್ರ ಮಾಡಿ ಬಂದು ಗರ್ಭಕೋಶ ಬಿಗಿದ ಮೇಲೆ ಒಂದನೇ ಹಾಸಿಗೆಗೆ ಬಂದೆ ಅಂದುಕೊಳ್ಳಿ. ಹುಡುಗಿ ಇನ್ನೂ ಮೊಬೈಲ್ ನೋಡುತ್ತಿದ್ದಾಳೆ.

“ನಿನ್ನ ಬಿಪಿ ಯಾವಾಗ್ಲೂ ಇಷ್ಟೇ ಇರುತ್ತೇನಮ್ಮ?”

“ಹೂಂ ಸಿಸ್ಟರ್, ಕಾಲೇಜಲ್ಲಿ ಬ್ಲಡ್ ಕೊಟ್ಟಾಗಲೂ ಇಷ್ಟೇ ಇತ್ತು.”

110/80ರ ಪಕ್ಕ ‘ಇವಳಿಗೆ ಇದೇ ಸಹಜ’ ಎಂದು ಬರೆದಿಡುತ್ತೇನೆ. ನಾಳೆ ರಾತ್ರಿ ಈ ಹೊತ್ತಿಗೆ ಅವಳ ಆಪರೇಷನ್ ಆಗಿರುತ್ತದೆ. ಟಾನ್ಸಿಲ್ ತೆಗೆದವರಲ್ಲಿ ರಕ್ತ ಹೊರಗೆ ಬರುವುದಕ್ಕಿಂತ ಮೊದಲು ಹೊಟ್ಟೆಗೆ ಇಳಿಯುತ್ತದೆ. ನಿದ್ದೆಯಲ್ಲೇ ಮತ್ತೆ ಮತ್ತೆ ಗುಟುಕರಿಸುವುದು ಅದರ ಸುಳಿವು. ನಾಳೆ ಟಾರ್ಚ್ ಹಿಡಿದು ಬರುವವರು ಬಿಪಿ ನೋಡುವ ಮೊದಲು ಅವಳ ಗಂಟಲನ್ನು ನೋಡಬೇಕು ಎಂದು ಹ್ಯಾಂಡೋವರ್ ಪುಸ್ತಕದಲ್ಲಿ ಇನ್ನೊಂದು ಸಾಲು ಸೇರಿಸುತ್ತೇನೆ.